ಲೆಕ್ಕಕ್ಕಿಲ್ಲದ ಓದು

ಡೆಲ್ಫೀನಾ ವಿಯಾಲ್ಪಾಂಡೊ ಎಂದರೆ ಪ್ವೆಬ್ಲೊ ಊರಿನಲ್ಲಿ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಮಿಸ್ ಫೀನಾ ಎಂದರೆ ಸಾಕು, ಬೆಸೆಮರ್ ಕೇರಿಯ ಅರ್ಧಕ್ಕರ್ಧ ಜನ ನಗುತ್ತಾರೆ. ಅವರಲ್ಲಿ ಬಹಳ ಮಂದಿ ಚಿಕ್ಕವರಿದ್ದಾಗ ಅವಳ ಹಳದಿ ಬಸ್ಸಿನಲ್ಲಿ ಶಾಲೆಗೆ ಹೋದವರು, ಸೀಟಿನಿಂದ ಸೀಟಿಗೆ ಹಾರಿ ಅವಳ ಕೈಲಿ ಬೈಸಿಕೊಂಡವರು.

ಅವಳ ತಂದೆ ಉಕ್ಕಿನ ಕಾರ್ಖಾನೆಯಲ್ಲಿದ್ದ. ಕಾರ್ಖಾನೆ ಸಾವಿರಾರು ಜನರನ್ನು ಒಟ್ಟಿಗೆ ಮನೆಗೆ ಕಳಿಸಿದ ವರ್ಷ ಫೀನಾ ಹೈಸ್ಕೂಲು ಬಿಟ್ಟು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ಆಮೇಲೆ ಮದುವೆ, ಎರಡು ಹೆಣ್ಣುಮಕ್ಕಳು, ಬಿಟ್ಟುಹೋದ ಗಂಡ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಓದಿ, ಹೈಸ್ಕೂಲಿಗೆ ಸಮನಾದ ಪರೀಕ್ಷೆ ಕಟ್ಟಿ ಪಾಸು ಮಾಡಿದಳು. ಅದರ ಬಲದಿಂದಲೇ ಶಾಲಾ ಬಸ್ಸಿನ ಚಾಲಕಿಯ ಕೆಲಸ ಸಿಕ್ಕಿತು.

ಬಸ್ಸು ಓಡಿಸುತ್ತ ಓಡಿಸುತ್ತ ಅವಳೊಳಗೆ ಒಂದು ಆಸೆ ಬೆಳೆಯಿತು. ಕೆಂಪು ದೀಪ ಬಿದ್ದಾಗಲೆಲ್ಲ ಅಂಗಡಿಯ ಬೋರ್ಡು ತೋರಿಸಿ, "ಅದೇನು ಅಕ್ಷರ, ಹೇಳ್ರೋ ನೋಡೋಣ" ಎಂದು ಪುಟಾಣಿಗಳನ್ನು ಕೇಳುತ್ತಿದ್ದಳು. ಟೈರಿನಂಗಡಿ, ಬೇಕರಿ, ಹೆಣದ ಪೆಟ್ಟಿಗೆ ಮಾರುವವನ ಅಂಗಡಿ, ಎಲ್ಲವೂ ಅವಳಿಗೆ ಪಾಠವೇ. ತರಗತಿಯಲ್ಲಿ ಬಾಯಿಯೇ ಬಿಡದಿದ್ದ ಒಬ್ಬಳು ಹುಡುಗಿ ಒಂದು ಬೆಳಗ್ಗೆ ಬಸ್ಸಿನಿಂದಿಳಿದು ಪ್ರಿನ್ಸಿಪಾಲರ ಮುಂದೆ, ದಾರಿಯ ಗ್ಯಾರೇಜಿನ ಬೋರ್ಡಿನಲ್ಲಿ ಓದಿದ 'ಟ್ರಾನ್ಸ್‌ಮಿಷನ್' ಎಂಬ ಇಡೀ ಪದವನ್ನು ಹೇಳಿ ತೋರಿಸಿದಳು. ಪ್ರಿನ್ಸಿಪಾಲರು ಬಸ್ಸಿನ ಬಾಗಿಲಿಗೇ ಬಂದು, "ಫೀನಾ, ನೀವು ಟೀಚರ್ ಆಗ್ಬೇಕಿತ್ತು ಕಣ್ರೀ" ಎಂದರು. ಅವರು ಆ ಮಾತನ್ನು ಮಧ್ಯಾಹ್ನದೊಳಗೆ ಮರೆತಿರಬಹುದು. ಫೀನಾ ಮರೆಯಲಿಲ್ಲ. ಆಗ ಅವಳಿಗೆ ನಲವತ್ತು ದಾಟಿತ್ತು.

ಮೊದಲು ಅವಳು ಹೋದದ್ದು ಊರಿನ ಸರ್ಕಾರಿ ಕಾಲೇಜಿಗೆ. ಉದ್ದನೆಯ ಸಾಲು. ಕಿಟಕಿಯ ಹಿಂದಿದ್ದವರು ಗಣಿತದ ಪರೀಕ್ಷೆ ಬರೆದು ಆಗಸ್ಟಿನಲ್ಲಿ ಬನ್ನಿ ಎಂದರು. ಆಮೇಲೆ ಯಾರೂ ಅವಳನ್ನು ಕೇಳಲಿಲ್ಲ. ಕಾರ್ಡೆರಾ ಎಂಬ ಖಾಸಗಿ ಕಾಲೇಜಿನವರು ಹಾಗಲ್ಲ. ಟೀವಿಯ ಜಾಹೀರಾತು ನೋಡಿ ಒಂದು ಸಲ ಫೋನು ಮಾಡಿದ್ದೇ ತಡ, ದಿನಕ್ಕೆ ಮೂರು ಸಲ ಅವರೇ ಫೋನು ಮಾಡತೊಡಗಿದರು. ಹೆದ್ದಾರಿ ಪಕ್ಕದ ಮಾಲಿನಲ್ಲಿ, ಹಿಂದೆ ಪೀಠೋಪಕರಣದ ಅಂಗಡಿಯಿದ್ದ ಜಾಗದಲ್ಲಿ ಅವರ ಕಾಲೇಜು. ಅಲ್ಲಿ ಸಾಲಿರಲಿಲ್ಲ. ಕಾಫಿಯಿತ್ತು, ಮೆತ್ತನೆಯ ಕುರ್ಚಿಯಿತ್ತು, ಬ್ರೈಸ್ ಎಂಬ ತರುಣನಿದ್ದ.

"ಮೇಡಂ, ಇಷ್ಟು ವರ್ಷ ಎಲ್ಲರಿಗೋಸ್ಕರ ದುಡಿದ್ರಿ," ಎಂದ ಬ್ರೈಸ್. "ನಿಮಗೋಸ್ಕರ ಏನು ಮಾಡ್ಕೊಂಡ್ರಿ ಹೇಳಿ?"

ಅವಳನ್ನು ಯಾರೂ ಹಾಗೆ ಕೇಳಿದ್ದೇ ಇಲ್ಲ. ಕಣ್ಣು ತುಂಬಿ ಬಂತು. ಬ್ರೈಸ್ ಟಿಶ್ಯೂ ಪೆಟ್ಟಿಗೆ ಮುಂದೆ ಸರಿಸಿದ. ಹಾಗೆ ಕೇಳಬೇಕು, ಆಗ ಅಳುತ್ತಾರೆ, ಆಗ ಪೆಟ್ಟಿಗೆ ಸರಿಸಬೇಕು ಎಂದು ಅವನಿಗೆ ತರಬೇತಿ ಕೊಟ್ಟಿರುತ್ತಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಅಳುತ್ತಿದ್ದರೂ ಕೇಳಬೇಕಾದ್ದನ್ನು ಅವಳು ಕೇಳಿದಳು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಅವಳಿಗೆ ಹೇಳಿದ್ದು, 'ಮೊದಲೇ ವಿಚಾರಿಸ್ಕೋಬೇಕಿತ್ತು' ಎಂದೇ.

"ನೋಡಪ್ಪಾ, ಟೀಚರ್ ಆಗೋಕೆ ನಾಲ್ಕು ವರ್ಷದ ಡಿಗ್ರಿ ಬೇಕಂತೆ. ನಿಮ್ದು ಎರಡೇ ವರ್ಷದ್ದು. ಇಲ್ಲಿ ಮುಗಿಸಿ ಆಮೇಲೆ ಯೂನಿವರ್ಸಿಟಿಗೆ ಹೋದ್ರೆ ಇದನ್ನ ಲೆಕ್ಕಕ್ಕೆ ತಗೋತಾರಾ?"

"ಯಾಕೆ ತಗೊಳಲ್ಲ ಮೇಡಂ? ನಮ್ದು ಮಾನ್ಯತೆ ಇರೋ ಕಾಲೇಜು. ಇಡೀ ದೇಶದ ಮಾನ್ಯತೆ! ಇಲ್ಲಿ ಪಾಸಾದ ಒಂದೊಂದು ವಿಷಯಕ್ಕೂ ಸಿಗೋ ಕ್ರೆಡಿಟ್‌ಗಳೆಲ್ಲ ಹಾಗೇ ಅಲ್ಲಿಗೆ ಹೋಗುತ್ವೆ. ನೀವು ನೇರ ಮೂರನೇ ವರ್ಷಕ್ಕೆ ಕೂತ್ಕೋತೀರಿ."

ಮಾನ್ಯತೆ ಇದ್ದದ್ದು ನಿಜ. ಆದರೆ ಮಾನ್ಯತೆಯಲ್ಲಿ ಬೇರೆ ಬೇರೆ ಬಗೆಯಿದೆ. ಸರ್ಕಾರಿ ವಿಶ್ವವಿದ್ಯಾಲಯಗಳು ಕೇಳುವುದು ಆಯಾ ಪ್ರಾಂತದ ಮಂಡಳಿ ಕೊಡುವ ಮಾನ್ಯತೆಯನ್ನು. ಕಾರ್ಡೆರಾದ್ದು ಅಂಥ ಕಾಲೇಜುಗಳೇ ಸೇರಿ ಕಟ್ಟಿಕೊಂಡ ಮಂಡಳಿಯದು. ಇಡೀ ದೇಶದ್ದು ಎಂದರೆ ದೊಡ್ಡದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಅನ್ನಿಸಲೆಂದೇ ಅವನು ಆ ಮಾತನ್ನು ಹೇಳಿದ್ದು.

ಓದಿನ ಫೀಸಿಗೆ ಸರ್ಕಾರ ಕೊಟ್ಟ ಸಾಲ ಸಾಕಾಗದೆ ಖಾಸಗಿ ಸಾಲವೊಂದನ್ನೂ ಎತ್ತಬೇಕಾಯಿತು. ಅದಕ್ಕೆ ಜಾಮೀನು ನಿಂತವನು ಪಕ್ಕದ ಮನೆಯಲ್ಲೇ ಇದ್ದ ಅವಳ ಸ್ವಂತ ಅಣ್ಣ, ಟ್ರಾಂಕಿಲೀನೊ. ಎಲ್ಲರಿಗೂ ಲೀನೊ. ಕಾರ್ಖಾನೆ ಮತ್ತೆ ತೆರೆದಾಗ ಸೇರಿ ಅಲ್ಲೇ ನಿವೃತ್ತನಾದವನು. ಬಾಯಿ ಬಹಳ ಜೋರು.

"ಓದೋ ವಯಸ್ಸಲ್ಲಿ ಪಾತ್ರೆ ತೊಳೆದೆ, ಈಗ ಮಂಡಿ ನೋವು ಅನ್ನೋ ವಯಸ್ಸಲ್ಲಿ ಪುಸ್ತಕ ಹಿಡ್ಕೊಂಡು ಹೊರಟಿದೀಯ," ಎಂದು ನಕ್ಕ. "ಎಲ್ಲಿ ಸಹಿ ಹಾಕ್ಬೇಕು ಹೇಳು, ಟೀಚರಮ್ಮ."

"ಹಾಸ್ಯ ಮಾಡ್ಬೇಡ ಅಣ್ಣ. ನಿನ್ನ ಮೊಮ್ಮಗಳು ನನ್ನ ಕ್ಲಾಸಿಗೇ ಬರ್ತಾಳೆ ನೋಡ್ತಿರು."

"ಅಯ್ಯೋ, ಆ ಮಗೂಗೆ ಈಗ್ಲೇ ಹೇಳಿಡ್ತೀನಿ, ಬೇರೆ ಊರು ನೋಡ್ಕೊ ಅಂತ."

ಹಾಸ್ಯ ಏನೇ ಇರಲಿ, ಓದಿದ್ದು ಸುಳ್ಳಲ್ಲ. ಮಕ್ಕಳನ್ನು ಬೆಳಗ್ಗೆ ಶಾಲೆಗೆ ಬಿಟ್ಟಮೇಲೆ ಮಧ್ಯಾಹ್ನ ಕರೆತರುವ ತನಕ ಅವಳಿಗೆ ಬಿಡುವು. ಆ ಹೊತ್ತಿನಲ್ಲಿ ಡಿಪೋದಲ್ಲಿ ನಿಂತ ಬಸ್ಸಿನೊಳಗೆ, ಚಳಿಗಾಲದಲ್ಲಿ ಕೋಟಿನ ಮೇಲೆ ಕಂಬಳಿ ಹೊದ್ದು ಓದಿದಳು. ಮಗು ಯಾಕೆ ಕಚ್ಚುತ್ತದೆ, ಯಾಕೆ ಹೊಸಬರನ್ನು ಕಂಡು ಹೆದರುತ್ತದೆ, ಮಾತು ಯಾವಾಗ ಕಲಿಯುತ್ತದೆ ಎಂದು ಕಲಿತಳು. ಕಾರ್ಡೆರಾದ ಶಿಕ್ಷಕರಲ್ಲಿ ಒಬ್ಬಿಬ್ಬರು ನಿಜಕ್ಕೂ ಒಳ್ಳೆಯವರು. ಸಂಬಳ ಕಡಿಮೆ, ವರ್ಷ ತುಂಬುವ ಮೊದಲೇ ಬಿಟ್ಟು ಹೋಗುತ್ತಿದ್ದರು ಅಷ್ಟೆ. ಫೀನಾ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದು ಪಾಸಾದಳು. ಘಟಿಕೋತ್ಸವದ ದಿನ ಲೀನೊ ಹಿತ್ತಲಿನಲ್ಲಿ ಹಸಿರು ಮೆಣಸಿನಕಾಯಿ ಸುಟ್ಟು, ಹಂದಿ ಮಾಂಸದ ಸಾರು ಮಾಡಿ, ಕೇರಿಗೆಲ್ಲ ಬಡಿಸಿದ.

ಮುಂದಿನ ವಾರವೇ ಅವಳು ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೆ ಹೋದಳು. ಪ್ರವೇಶದ ಕಚೇರಿಯಲ್ಲಿ ಕೂತಿದ್ದವಳು ರಮೋನಾ ಮಾಯೆಸ್. ಅವಳ ಮಗ ಹಿಂದೆ ಫೀನಾಳ ಬಸ್ಸಿನಲ್ಲಿ ಬರುತ್ತಿದ್ದ. ಅಂಕಪಟ್ಟಿಯ ಮೇಲಿದ್ದ ಕಾಲೇಜಿನ ಹೆಸರು ನೋಡಿ ರಮೋನಾಳ ಮುಖ ಇಳಿಯಿತು.

"ಫೀನಾ, ಇದಕ್ಕೆ ಯಾಕೆ ಸೇರ್ಕೊಂಡ್ಯೇ? ಯಾರನ್ನಾದ್ರೂ ಕೇಳ್ಬಾರ್ದಿತ್ತಾ?"

"ಕೇಳ್ದೆ. ಅವರನ್ನೇ ಕೇಳ್ದೆ. ಯಾಕೆ? ಕೆಲವು ಕ್ರೆಡಿಟ್ ಆಗಲ್ವಾ?"

"ಕೆಲವಲ್ಲ. ಒಂದೂ ಆಗಲ್ಲ."

"ಇಂಗ್ಲಿಷು? ಇಂಗ್ಲಿಷು ಎಲ್ಲಾ ಕಡೆ ಒಂದೇ ಅಲ್ವಾ? ಗಣಿತ? ಎರಡೂ ಎರಡೂ ಕೂಡಿದ್ರೆ ಇಲ್ಲೇನು ಬೇರೆ ಬರುತ್ತಾ?"

"ನಾನು ಮಾಡಿದ ನಿಯಮ ಅಲ್ಲ ತಾಯಿ," ಎಂದಳು ರಮೋನಾ. ಅವಳ ದನಿಯಲ್ಲಿ ಅಯ್ಯೋ ಎನ್ನುವುದಿತ್ತು, ಆದರೆ ಅದರಿಂದ ಒಂದು ಕ್ರೆಡಿಟ್ಟೂ ಹುಟ್ಟುವುದಿಲ್ಲ. "ನೀನು ಮೊದಲನೇ ವರ್ಷದಿಂದ ಶುರು ಮಾಡ್ಬೇಕು. ಹೈಸ್ಕೂಲಿಂದ ನೇರವಾಗಿ ಬಂದವರ ಥರಾನೇ."

ಫೀನಾ ಅಲ್ಲಿಂದ ಸೀದಾ ಕಾರ್ಡೆರಾಕ್ಕೆ ಬಂದಳು. ಬ್ರೈಸ್ ಮೀಟಿಂಗಿನಲ್ಲಿದ್ದಾನೆ ಎಂದರು. ಗಾಜಿನ ಗೋಡೆಯಾಚೆ ಅವನು ಇನ್ನೊಬ್ಬ ಹೆಂಗಸಿನ ಮುಂದೆ ಟಿಶ್ಯೂ ಪೆಟ್ಟಿಗೆ ಸರಿಸುತ್ತಿದ್ದದ್ದು ಕಾಣುತ್ತಿತ್ತು. ಕೊನೆಗೆ ಕಾಲೇಜಿನ ನಿರ್ದೇಶಕಿ ಕೋರ್ಟ್ನಿ ಹೇಲ್ ಒಳಗೆ ಕರೆದಳು. ತೆಳ್ಳಗೆ, ಬೆಳ್ಳಗೆ, ಹಲ್ಲಿನ ತುಂಬ ನಗು.

"ಕ್ರೆಡಿಟ್ ತಗೊಳ್ಳೋದು ಬಿಡೋದು ಆ ಯೂನಿವರ್ಸಿಟಿ ಇಷ್ಟ. ನಮ್ಮ ಕೈಲೇನಿದೆ? ನೀವು ಸೇರುವಾಗ ಅದನ್ನೆಲ್ಲ ಓದಿ ಸಹಿ ಮಾಡಿದ್ದೀರಲ್ಲ, ಡೆಲ್ಫೀನಾ."

"ನಿಮ್ಮ ಹುಡುಗ ಬಾಯಲ್ಲಿ ಒಂದು ಹೇಳ್ದ, ಕಾಗದದಲ್ಲಿ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಇನ್ನೊಂದು ಬರೆದಿದ್ರಿ. ನಾನು ಯಾವ್ದು ನಂಬ್ಬೇಕಿತ್ತು?"

"ಬೇಜಾರಾಗ್ಬೇಡಿ. ನಿಮಗೆ ಒಳ್ಳೇ ದಾರಿ ಇದೆ. ನಮ್ಮಲ್ಲೇ ಆನ್‌ಲೈನಿನಲ್ಲಿ ನಾಲ್ಕು ವರ್ಷದ ಡಿಗ್ರಿ ಇದೆ. ಅಲ್ಲಿ ನಿಮ್ಮ ಎಲ್ಲಾ ಕ್ರೆಡಿಟ್ಟೂ ನಡೆಯುತ್ತೆ. ಸಾಲದ ವ್ಯವಸ್ಥೇನೂ ನಾವೇ ಮಾಡ್ಕೊಡ್ತೀವಿ."

ಜೇಬು ಕತ್ತರಿಸಿದವನೇ ಬಂದು, ಇನ್ನೊಂದು ಜೇಬು ಹೊಲಿಸಿಕೊಡುತ್ತೇನೆ ಎಂದ ಹಾಗಾಯಿತು. ಫೀನಾ ಒಂದು ಮಾತೂ ಆಡದೆ ಎದ್ದು ಬಂದಳು. ಮಾತು ಬರಲಿಲ್ಲ ಎಂದಲ್ಲ. ಬಂದ ಮಾತು ಅಂಥದಾಗಿತ್ತು.

ಕಾರ್ಡೆರಾದ ಡಿಗ್ರಿ ಹಿಡಿದು ಶಿಶುವಿಹಾರಗಳ ಬಾಗಿಲು ತಟ್ಟಿದಳು. ಅವರು ಕೊಡುತ್ತೇವೆಂದ ಸಂಬಳ ಬಸ್ಸು ಓಡಿಸುವುದಕ್ಕಿಂತ ಕಡಿಮೆ. ಹಾಗಾಗಿ ಬಸ್ಸೇ ಗತಿ. ಕಂತು ಕಟ್ಟುವುದು ಆರು ತಿಂಗಳಲ್ಲಿ ನಿಂತುಹೋಯಿತು. ವಸಂತದಲ್ಲಿ ದುಡಿಯುವ ಜನರೆಲ್ಲ ಕಾಯುವ ತೆರಿಗೆಯ ವಾಪಸು ಹಣ, ಮನೆಯ ಹೀಟರು ರಿಪೇರಿಗೆಂದು ಅವಳು ನಂಬಿಕೊಂಡಿದ್ದ ಹಣ, ಬರಲೇ ಇಲ್ಲ. ಸರ್ಕಾರ ಸಾಲಕ್ಕೆ ಮುರಿದುಕೊಂಡಿತು. ಹೀಗೆ ಮುರಿದುಕೊಳ್ಳಲು ಸರ್ಕಾರಕ್ಕೆ ಎಷ್ಟು ಚುರುಕು ನೋಡಿ! ಅದೇ ಸರ್ಕಾರ ಆ ಕಾಲೇಜಿಗೆ ಹಣ ಸುರಿಯುವಾಗ ಇದು ಎಂಥ ಕಾಲೇಜು ಎಂದು ಒಮ್ಮೆ ಬಂದು ನೋಡಿರಲಿಲ್ಲ.

ಖಾಸಗಿ ಸಾಲದವರು ಫೋನು ಹಚ್ಚಿದ್ದು ಲೀನೊನಿಗೆ. ಊಟದ ಹೊತ್ತಿಗೆ, ಚರ್ಚಿಗೆ ಹೊರಟ ಹೊತ್ತಿಗೆ, ಅವನು ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ಹೊತ್ತಿಗೂ. ಜೀವಮಾನದಲ್ಲಿ ಯಾರಿಗೂ ಒಂದು ಕಾಸು ಬಾಕಿ ಉಳಿಸಿಕೊಳ್ಳದವನನ್ನು ಯಾವನೋ ಒಬ್ಬ ಕಳ್ಳ ಎಂದ. ಲೀನೊ ತಂಗಿಗೆ ಏನೂ ಅನ್ನಲಿಲ್ಲ. ಟೀಚರಮ್ಮ ಎಂದು ರೇಗಿಸುವುದನ್ನು ಬಿಟ್ಟುಬಿಟ್ಟ, ಅಷ್ಟೇ. ಅದು ಫೀನಾಳನ್ನು ಬೈಗುಳಕ್ಕಿಂತ ಹೆಚ್ಚು ಕೊರೆಯಿತು.

ಒಂದು ದಿನ ಮಕ್ಕಳನ್ನು ಶಾಲೆಗೆ ಬಿಟ್ಟವಳು ಡಿಪೋದಲ್ಲಿ ಕೂರದೆ, ಮಡಚುವ ಕುರ್ಚಿಯೊಂದನ್ನು ಕಾರಿಗೆ ಹಾಕಿಕೊಂಡು ಕಾರ್ಡೆರಾದ ಎದುರಿನ ಫುಟ್‌ಪಾತಿಗೆ ಹೋದಳು. ಒಂದು ಫ್ಲಾಸ್ಕು ಕಾಫಿ, ಒಂದು ರಟ್ಟಿನ ಹಲಗೆ. ಹಲಗೆಯ ಮೇಲೆ ಬರೆದಿದ್ದಳು: 'ಒಳಗೆ ಹೋಗುವ ಮುಂಚೆ ಗುಡ್ಡದ ಮೇಲಿನವರಿಗೆ ಒಂದು ಫೋನು ಮಾಡಿ. ಫೋನು ನಾನು ಕೊಡುತ್ತೇನೆ.' ಬಂದವರಿಗೆ ಉಪದೇಶವೇನೂ ಮಾಡುತ್ತಿರಲಿಲ್ಲ. ರಮೋನಾಳ ನಂಬರು ಒತ್ತಿ ಫೋನು ಅವರ ಕೈಗೆ ಕೊಡುತ್ತಿದ್ದಳು. ಕೆಲವರು ಕೇಳಿ ಹಿಂದಿರುಗಿ ಹೋದರು. ಬಹಳ ಮಂದಿ ಕಣ್ಣು ತಪ್ಪಿಸಿ ಒಳಗೆ ಹೋದರು.

ಕೋರ್ಟ್ನಿ ಹೇಲ್ ಪೊಲೀಸರನ್ನು ಕರೆಸಿದಳು. ಬಂದವನು ತರುಣ, ಭಾರೀ ಆಳು. ಫೀನಾ ತಲೆಯೆತ್ತಿ ನೋಡಿ, "ಏನೋ ಮಾರ್ಸೆಲೊ, ಇನ್ನೂ ಬಸ್ಸಲ್ಲಿ ವಾಂತಿ ಮಾಡ್ತೀಯೇನೋ?" ಎಂದಳು.

ಪೊಲೀಸಿನವನ ಕಿವಿ ಕೆಂಪಾಯಿತು. "ಮಿಸ್ ಫೀನಾ, ಡ್ಯೂಟಿ ಮೇಲಿದೀನಿ. ಅವರ ಜಾಗದಿಂದ ಹೋಗಿ ಅಂತ ಹೇಳಕ್ಕೆ ಬಂದೆ."

"ಇದು ಅವರ ಜಾಗಾನಾ?"

ಅವನು ಫುಟ್‌ಪಾತನ್ನು ನೋಡಿದ, ಕಾಲೇಜನ್ನು ನೋಡಿದ. "ಅಲ್ಲ. ಇದು ಊರಿನವರದು. ಸ್ವಲ್ಪ ಈ ಕಡೆ ಸರ್ಕೊಳಿ, ಜನ ಓಡಾಡೋಕೆ ಜಾಗ ಬಿಡಿ. ಅಷ್ಟು ಮಾಡಿದ್ರೆ ನಾನು ಕಾರಲ್ಲಿ ಹೋಗಿ ಕೂತ್ಕೋತೀನಿ."

ಅವಳನ್ನು ಎಬ್ಬಿಸಲು ಬಂದ ಇನ್ನೊಬ್ಬಳು ಷಾನೆಲ್ ಟ್ರುಹಿಯೊ. ಕಾರ್ಡೆರಾದಲ್ಲಿ ವೈದ್ಯರ ಸಹಾಯಕಿಯ ಕೋರ್ಸಿನಲ್ಲಿ ಅರ್ಧ ಮುಗಿಸಿದ್ದ, ಸೊಂಟದ ಮೇಲೆ ಮಗುವಿದ್ದ ಹುಡುಗಿ. ರಸ್ತೆ ದಾಟಿ ಬಂದು ಜಗಳಕ್ಕೇ ನಿಂತಳು.

"ನಿಮಗೇನ್ರೀ ಸಂಕಟ? ನಿಮಗೆ ಕೆಲಸ ಸಿಗಲಿಲ್ಲ ಅಂತ ನಮ್ಮ ಕಾಲೇಜಿನ ಹೆಸರು ಕೆಡಿಸ್ತೀರಾ? ನಾಳೆ ಕೆಲಸ ಕೇಳಕ್ಕೆ ಹೋದ್ರೆ ನನ್ನ ಡಿಗ್ರಿ ನೋಡಿ ನಗ್ತಾರೆ, ನಿಮ್ಮಿಂದ!"

"ಒಂದೇ ಒಂದು ಫೋನ್ ಮಾಡಮ್ಮ. ನಾನು ಹೇಳೋದು ಸುಳ್ಳಾಗಿದ್ರೆ ಈ ಕುರ್ಚಿ ಎತ್ಕೊಂಡು ಹೋಗ್ತೀನಿ."

"ಮಾಡಲ್ಲ!" ಎಂದಳು ಷಾನೆಲ್. ಮಾಡಿದರೆ ಏನು ಕೇಳಬೇಕಾಗುತ್ತದೆ ಎಂದು ಅವಳಿಗೆ ಆಗಲೇ ಗೊತ್ತಿತ್ತು ಎನ್ನಿಸುತ್ತದೆ. ಫೀನಾ ಮತ್ತೆ ಒತ್ತಾಯಿಸಲಿಲ್ಲ. ಮಗುವಿನ ಕಾಲಿನಿಂದ ಜಾರಿದ್ದ ಕಾಲುಚೀಲವನ್ನು ಎತ್ತಿ ಕೊಟ್ಟಳು.

ಅವಳು ಹೀಗೆ ದಿನವೂ ಕೂರತೊಡಗಿದ ಎರಡನೆಯ ಚಳಿಗಾಲದಲ್ಲಿ ಕಾರ್ಡೆರಾ ಮುಚ್ಚಿತು. ಫೀನಾಳಿಂದ ಅಲ್ಲ. ಒಬ್ಬ ಬಸ್ಸಿನ ಚಾಲಕಿಗೆ ಅಷ್ಟು ಶಕ್ತಿಯಿದ್ದಿದ್ದರೆ ಅದು ಎಂದೋ ಮುಚ್ಚಿರುತ್ತಿತ್ತು. ಬೇರೆ ಬೇರೆ ರಾಜ್ಯಗಳಲ್ಲಿ ಅವರಿಗಿದ್ದ ಕಾಲೇಜುಗಳ ಸುಳ್ಳು ಲೆಕ್ಕಗಳೆಲ್ಲ ಹೊರಗೆ ಬಿದ್ದು, ಸರ್ಕಾರ ಹಣ ನಿಲ್ಲಿಸಿತು, ಮಾಲೀಕರು ಎಲ್ಲ ಕಡೆ ಒಂದೇ ದಿನ ಬೀಗ ಜಡಿದು ಹೋದರು. ಸೋಮವಾರ ಬೆಳಗ್ಗೆ ವಿದ್ಯಾರ್ಥಿಗಳು ಬಂದು ನೋಡಿದರೆ ಬಾಗಿಲ ಒಳಗೆ ಕತ್ತಲು. ಕೆಲವರು ರಸ್ತೆಯಾಚೆಯಿದ್ದ ಫೀನಾಳತ್ತ ತಿರುಗಿ ಕೆಟ್ಟ ಮಾತು ಆಡಿದರು. ಷಾನೆಲ್ ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಫೀನಾ ಹೋಗಿ ಪಕ್ಕದಲ್ಲಿ ಕೂತಳು.

"ಹೇಳಿ, ನಾನು ಮೊದಲೇ ಹೇಳಿರ್ಲಿಲ್ವಾ ಅಂತ ಹೇಳಿ," ಎಂದಳು ಷಾನೆಲ್.

"ನಂಗೆ ಅದನ್ನ ಬಹಳ ಜನ ಹೇಳಿದಾರೆ. ಅದರಿಂದ ಏನೂ ಉಪಯೋಗ ಆಗಲಿಲ್ಲ. ಏಳು, ಮಗೂಗೆ ಚಳಿ ಆಗುತ್ತೆ."

ಆ ವಾರ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಭೆ ಕರೆದರು. ರಾಜ್ಯದ ಶಿಕ್ಷಣ ಇಲಾಖೆಯಿಂದ ಒಬ್ಬ ಅಧಿಕಾರಿಣಿ ಬಂದಿದ್ದಳು. ನಿದ್ದೆಗೆಟ್ಟ ಕಣ್ಣು, ಮೆಲ್ಲಗಿನ ದನಿ. ಗೋಡೆಯ ಪಕ್ಕ ಇನ್ನೊಂದು ಮೇಜು. ಅದರ ಮೇಲೆ ಡೋನಟ್ಟು, ಪೆನ್ನು, ಬಣ್ಣದ ಕಾಗದ. ಮೇಜಿನ ಹಿಂದೆ ಹೊಸ ಕಂಪನಿಯ ಹೆಸರಿನ ಅಂಗಿ ತೊಟ್ಟು ಕೂತಿದ್ದವನು, ಬೇರೆ ಯಾರೂ ಅಲ್ಲ, ಬ್ರೈಸ್.

"ಚಿಂತೆ ಮಾಡ್ಬೇಡಿ, ನಿಮ್ಮ ಕ್ರೆಡಿಟ್ಟೆಲ್ಲ ನಾವು ತಗೋತೀವಿ," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. "ಇಲ್ಲಿ ಒಂದು ಸಹಿ. ಎಲ್ಲಿ ಬಿಟ್ರೋ ಅಲ್ಲಿಂದ್ಲೇ ಶುರು."

ಅಧಿಕಾರಿಣಿ ಎದ್ದು ನಿಂತು ಓದಿದಳು. ಕಾಲೇಜು ಮುಚ್ಚಿದ ದಿನ ಓದುತ್ತಿದ್ದವರ ಸರ್ಕಾರಿ ಸಾಲ ಪೂರ್ತಿ ಮನ್ನಾ ಆಗುತ್ತದೆ. ಆಮೇಲೆ ಅದೇ ಉಸಿರಿನಲ್ಲಿ, ಕಾಗದದಿಂದ ಕಣ್ಣೆತ್ತದೆ, ಕ್ರೆಡಿಟ್ಟುಗಳನ್ನು ಒಯ್ದು ಬೇರೆ ಕಡೆ ಇದೇ ಕೋರ್ಸು ಮುಗಿಸಿದವರನ್ನು ಹೊರತುಪಡಿಸಿ ಎಂದಳು.

ಫೀನಾ ಹಿಂದಿನ ಸಾಲಿನಿಂದ ಎದ್ದಳು. "ಮೇಡಂ, ಕೊನೇದು ಇನ್ನೊಂದ್ಸಲ ಹೇಳಿ. ಗಟ್ಟಿಯಾಗಿ."

ಅಧಿಕಾರಿಣಿ ಮತ್ತೆ ಓದಿದಳು.

"ಹಾಗಲ್ಲ. ಮನುಷ್ಯರ ಮಾತಲ್ಲಿ ಹೇಳಿ. ಇವರು ಇವತ್ತು ಆ ಡೋನಟ್ಟಿನ ಮೇಜಿನ ಹತ್ರ ಸಹಿ ಹಾಕಿ ಅಲ್ಲಿ ಕೋರ್ಸು ಮುಗಿಸಿದ್ರೆ, ಹಳೇ ಸಾಲ ಏನಾಗುತ್ತೆ?"

ಅಧಿಕಾರಿಣಿ ಬ್ರೈಸ್‌ನ ಕಡೆ ಒಮ್ಮೆ ನೋಡಿದಳು. ಆಮೇಲೆ ಕಾಗದವನ್ನು ಕೆಳಗಿಟ್ಟಳು. "ಉಳಿಯುತ್ತೆ," ಎಂದಳು, ಈ ಸಲ ಎಲ್ಲರಿಗೂ ಕೇಳುವಂತೆ. "ಹಳೇದೂ ಉಳಿಯುತ್ತೆ, ಹೊಸದೂ ಸೇರುತ್ತೆ."

ಷಾನೆಲ್ ಕೈಯಲ್ಲಿ ಪೆನ್ನು ಹಿಡಿದು ಆ ಮೇಜಿನ ಮುಂದೆಯೇ ನಿಂತಿದ್ದಳು. ಪೆನ್ನನ್ನು ಡೋನಟ್ಟಿನ ಪೆಟ್ಟಿಗೆಯೊಳಕ್ಕೆ ಎಸೆದು ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಸಾಲು ಕರಗಿತು. ಆಗಲೇ ಸಹಿ ಹಾಕಿದ್ದವರು ತಮ್ಮ ಕಾಗದ ವಾಪಸು ಕೇಳಿದರು. ಬ್ರೈಸ್ ಕೊಡಲು ಹಿಂದುಮುಂದು ನೋಡಿದಾಗ ಒಬ್ಬ ಲಾರಿ ಚಾಲಕ ತಾನೇ ಕೈ ಹಾಕಿ ತೆಗೆದುಕೊಂಡ.

ಗಲಾಟೆ ತಗ್ಗಿದ ಮೇಲೆ ಫೀನಾ ಕೇಳಿದಳು, "ನಂದೂ ಮನ್ನಾ ಆಗುತ್ತಾ?"

"ನೀವು ಯಾವಾಗ ಬಿಟ್ಟಿರಿ?"

"ಬಿಡ್ಲಿಲ್ಲ. ಪಾಸಾದೆ."

ಅಧಿಕಾರಿಣಿಗೆ ಹೇಳಲು ಕಷ್ಟವಾಯಿತು. "ಪೂರ್ತಿ ಮಾಡಿದವರಿಗೆ ಇದು ಸಿಗಲ್ಲ. ನಿಮಗೆ ಡಿಗ್ರಿ ಸಿಕ್ಕಿದೆಯಲ್ಲ."

"ಆ ಡಿಗ್ರಿ ಯಾರಿಗೆ ಬೇಕು ಹೇಳಿ? ಗುಡ್ಡದ ಮೇಲಿನವರಿಗೆ ಬೇಡ, ಶಾಲೆಯವರಿಗೆ ಬೇಡ. ಕೊಟ್ಟವರೇ ಈಗ ಇಲ್ಲ. ನೀವು ತಗೋತೀರಾ? ತಗೊಂಡು ಸಾಲ ಕಟ್ತೀರಾ?" ಫೀನಾ ಮುಂದಿನ ಸಾಲಿಗೇ ಬಂದಳು. "ಫೇಲಾದ್ರೆ ಮಾಫಿ, ಪಾಸಾದ್ರೆ ಶಿಕ್ಷೆ. ಚಳೀಲಿ ಬಸ್ಸೊಳಗೆ ಕೂತು ಓದಿದ್ನಲ್ಲ, ಅದೇ ನನ್ನ ತಪ್ಪು, ಅಲ್ವಾ? ಅರ್ಧಕ್ಕೆ ಬಿಟ್ಟು ಓಡಿಹೋಗೋ ಬುದ್ಧಿ ನಂಗೆ ಇರ್ಲಿಲ್ಲ!"

ಷಾನೆಲ್ ಬಂದು ಅವಳ ಪಕ್ಕ ನಿಂತಳು. ತನ್ನದು ಮಾತ್ರ ಮನ್ನಾ ಆಗುತ್ತದೆಂದು ಅವಳಿಗೆ ನಾಚಿಕೆಯಾದಂತಿತ್ತು. ನಾಚಬೇಕಾದವರು ಅವಳಲ್ಲ. ಅವರು ಆ ಹೊತ್ತಿಗೆ ಬೇರೆ ಊರಿನಲ್ಲಿ ಬೇರೆ ಹೆಸರಿನ ಕಾಲೇಜು ತೆರೆಯುತ್ತಿದ್ದರು. ಕೋರ್ಟ್ನಿ ಹೇಲ್ ಈಗ ಅರಿಜೋನಾದಲ್ಲಿ ಇನ್ನೊಂದು ಅಂಥದೇ ಸಂಸ್ಥೆಯ ಉಪಾಧ್ಯಕ್ಷೆ.

ಷಾನೆಲ್‌ಳ ಸಾಲ ಮನ್ನಾ ಆಯಿತು. ಅವಳು ಮತ್ತೆ ಓದಲಿಲ್ಲ, ಹೆದ್ದಾರಿಯ ಬಳಿಯ ಕಾಲ್ ಸೆಂಟರಿಗೆ ಸೇರಿದಳು. ಫೀನಾ ತನಗೆ ಮೋಸವಾಗಿದೆ ಎಂದು ಸರ್ಕಾರಕ್ಕೆ ದೂರು ಹಾಕಿದಳು. ದೂರು ತಲುಪಿದೆ ಎಂಬ ಉತ್ತರ ಬೇಗ ಬಂತು. ಆಮೇಲೆ ವರ್ಷಗಟ್ಟಲೆ ಏನೂ ಬರಲಿಲ್ಲ. ಐದನೆಯ ವರ್ಷ, ಅವಳು ಮರೆತೇಬಿಟ್ಟಿದ್ದಾಗ, ಸರ್ಕಾರದ ಸಾಲ ಮನ್ನಾ ಆಯಿತು. ಖಾಸಗಿ ಸಾಲ ಆಗಲಿಲ್ಲ, ಅದಕ್ಕೂ ಸರ್ಕಾರಕ್ಕೂ ಸಂಬಂಧವಿಲ್ಲವಂತೆ. ಅದನ್ನು ಲೀನೊ ತನ್ನ ಪಿಂಚಣಿಯಿಂದ ಸಾಯುವವರೆಗೂ ಕಟ್ಟಿದ. ಅವನು ಸತ್ತ ವಾರ ಆ ಸಾಲದವರು ಮತ್ತೆ ಫೋನು ಮಾಡಿದರು. ಫೀನಾ ಆ ದಿನ ಫೋನಿನಲ್ಲಿ ಆಡಿದ ಮಾತುಗಳನ್ನು ಬೆಸೆಮರ್ ಕೇರಿಯವರು ಇಂದಿಗೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇಲ್ಲಿ ಬರೆಯುವ ಹಾಗಿಲ್ಲ.

ಲೀನೊನ ಮಣ್ಣಾದ ಮೇಲೆ, ಆಗಸ್ಟಿನಲ್ಲಿ, ಅವಳು ಊರಿನ ಸರ್ಕಾರಿ ಕಾಲೇಜಿನ ಸಾಲಿನಲ್ಲಿ ನಿಂತು ಒಂದೇ ಒಂದು ವಿಷಯಕ್ಕೆ ಹೆಸರು ಹಚ್ಚಿದಳು: ಮಕ್ಕಳ ಬೆಳವಣಿಗೆ, ಮೊದಲ ಭಾಗ. ಸಂಜೆಯ ತರಗತಿ. ಪುಸ್ತಕದಂಗಡಿಯಲ್ಲಿ ಕೊಟ್ಟ ಪುಸ್ತಕ ನೋಡಿ ಅಲ್ಲೇ ನಿಂತುಬಿಟ್ಟಳು. ಕಾರ್ಡೆರಾದಲ್ಲಿ ಓದಿಸಿದ್ದೂ ಅದೇ ಪುಸ್ತಕ. ಹೊದಿಕೆಯ ಮೇಲೆ ಮರಳಿನಲ್ಲಿ ಆಡುವ ಅದೇ ಮಗು. ಕೊಳ್ಳಲಿಲ್ಲ. ಮನೆಗೆ ಹೋಗಿ ಹಳೆಯದನ್ನು ಹುಡುಕಿ ತೆಗೆದಳು. ಪುಟಪುಟಕ್ಕೂ ಗೆರೆ ಎಳೆದಿತ್ತು.

ಮೊದಲ ದಿನ ಪಾಠ ಹೇಳಲು ಬಂದ ತರುಣಿ ಎಲ್ಲರನ್ನೂ, ನೀವು ಯಾಕೆ ಈ ಕ್ಲಾಸಿಗೆ ಬಂದಿದ್ದೀರಿ ಎಂದು ಕೇಳುತ್ತ ಬಂದಳು. ಒಬ್ಬ ಹುಡುಗಿ ತನಗೆ ಮಕ್ಕಳೆಂದರೆ ಇಷ್ಟ ಎಂದಳು. ಇನ್ನೊಬ್ಬ ಈ ಸಮಯ ಬಿಟ್ಟರೆ ಬೇರೆ ಯಾವುದೂ ಖಾಲಿ ಇರಲಿಲ್ಲ ಎಂದ.

"ನಾನು ಕಲಿತಿರೋದನ್ನೇ ಕಲಿಯೋಕೆ ಬಂದಿದೀನಿ," ಎಂದಳು ಫೀನಾ.

ತರುಣಿ ನಕ್ಕಳು. ಇಡೀ ಕ್ಲಾಸು ನಕ್ಕಿತು.

"ನಗ್ಬೇಡಿ ಮೇಡಂ. ಇದು ಹಾಸ್ಯ ಅಲ್ಲ. ಇದಕ್ಕೆ ಒಂದ್ಸಲ ದುಡ್ಡು ಕೊಟ್ಟಾಗಿದೆ, ಒಂದ್ಸಲ ಪರೀಕ್ಷೆ ಕೊಟ್ಟಾಗಿದೆ. ಮೊದಲನೇ ಪಾಠ ಯಾವ್ದು ಅಂತಾನೂ ಗೊತ್ತು ನಂಗೆ. ಶುರು ಮಾಡಿ."

ತರುಣಿಯ ನಗು ನಿಂತಿತು. ಪುಸ್ತಕ ತೆರೆದು, ಹುಟ್ಟಿದ ಮಗು ಮೊದಲು ಗುರುತಿಸುವುದು ಯಾವುದನ್ನು ಎಂದು ಕ್ಲಾಸನ್ನು ಕೇಳಿದಳು. ಫೀನಾ ಕೈ ಎತ್ತಿದಳು.